ಲಾಗ ಹಾಕುವ ಹುಡುಗ ನಿಲ್ಲಲು ಕಲಿತ ಕಥೆ

ಸ್ಪೈಡರ್‌ಮ್ಯಾನ್ ಪಾತ್ರಕ್ಕೆ ನಟನನ್ನು ಹುಡುಕುವವರ ಕಷ್ಟ ವಿಚಿತ್ರವಾದದ್ದು. ಸಿನಿಮಾದ ಜೀವವೇ ಮುಖ. ಕಣ್ಣಂಚಿನ ನೀರನ್ನೂ ತುಟಿಯ ನಡುಕವನ್ನೂ ಆಳೆತ್ತರಕ್ಕೆ ಹಿಗ್ಗಿಸಿ ತೋರಿಸಲು ಅದಕ್ಕೆ ಸಾಧ್ಯ. ಆದರೆ ಈ ಪಾತ್ರ ಬಹಳಷ್ಟು ಹೊತ್ತು ಮುಖವನ್ನೇ ಮುಚ್ಚಿಕೊಂಡಿರುತ್ತದೆ. ನೆತ್ತಿಯಿಂದ ಕತ್ತಿನವರೆಗೆ ಕೆಂಪು ಬಟ್ಟೆ, ಕಣ್ಣಿನ ಜಾಗದಲ್ಲಿ ಎರಡು ಬಿಳಿ ತುಣುಕು. ಅದರೊಳಗೆ ಇರುವವನು ಹದಿಹರೆಯದ ಹುಡುಗ, ಅವನಿಗೆ ಹೆದರಿಕೆಯೂ ಇದೆ, ತಡೆಯಲಾಗದ ಹುರುಪೂ ಇದೆ ಎನ್ನುವುದು ನೋಡುವವರಿಗೆ ತಿಳಿಯಬೇಕು. ಭುಜ, ಬೆನ್ನು, ಮೊಣಕಾಲು, ಓಡುವ ಧಾಟಿ, ಬಿದ್ದು ಏಳುವ ಬಗೆ, ಇವಿಷ್ಟರಲ್ಲೇ ತಿಳಿಯಬೇಕು.

2015ರಲ್ಲಿ ಮಾರ್ವೆಲ್ ಸಂಸ್ಥೆ ಅಂಥ ಒಬ್ಬನನ್ನು ಹುಡುಕುತ್ತಿತ್ತು. ಕೊನೆಯ ಸುತ್ತಿಗೆ ಉಳಿದ ಹುಡುಗರನ್ನು ಅಮೆರಿಕದ ಅಟ್ಲಾಂಟಕ್ಕೆ ಕರೆಸಿ, ಮಾರ್ವೆಲ್ ತಾರೆಗಳಾದ ರಾಬರ್ಟ್ ಡೌನಿ ಜೂನಿಯರ್ ಮತ್ತು ಕ್ರಿಸ್ ಇವಾನ್ಸ್ ಎದುರು ನಿಲ್ಲಿಸಿ ನಟಿಸಿ ಎಂದರು. ಅವರಲ್ಲಿ ಲಂಡನ್ ಹೊರವಲಯದಿಂದ ಬಂದ ಕುಳ್ಳನೆಯ ಹುಡುಗನೊಬ್ಬ ಮಾತು ಒಪ್ಪಿಸುವುದರ ಜೊತೆಗೆ ಲಾಗವನ್ನೂ ಹಾಕಿ ತೋರಿಸಿದ. ಆ ಜೂನ್ ತಿಂಗಳಲ್ಲಿ ಟಾಮ್ ಹಾಲೆಂಡ್ ಹೆಸರು ಪ್ರಕಟವಾಯಿತು. ಆಯ್ಕೆಯಾದ ಸುದ್ದಿ ತನಗೆ ಗೊತ್ತಾದದ್ದೇ ಇನ್‌ಸ್ಟಾಗ್ರಾಂ ನೋಡಿ ಎಂದು ಆಮೇಲೆ ಅವರು ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಇದನ್ನು ಅದೃಷ್ಟದ ಕಥೆಯಾಗಿ ಹೇಳುವುದು ಸುಲಭ. ಆದರೆ ಆ ಒಂದು ಲಾಗದ ಹಿಂದೆ ಹತ್ತು ವರ್ಷಗಳ ತಾಲೀಮು ಇತ್ತು. ನಮ್ಮ ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಹೇಳುವುದಾದರೆ ಹಾಲೆಂಡ್ ಆಂಗಿಕದಿಂದ, ಅಂದರೆ ಮೈಯ ಅಭಿನಯದಿಂದ ಹೊರಟು ಸಾತ್ವಿಕದ, ಅಂದರೆ ಒಳಗಿನ ಭಾವದ ಕಡೆಗೆ ನಡೆಯುತ್ತಿರುವ ನಟ. ಅವರ ಗೆಲುವುಗಳನ್ನೂ ಎಡವಿದ ಕಡೆಗಳನ್ನೂ ಈ ದಾರಿಯಲ್ಲಿಟ್ಟು ನೋಡಿದರೆ ಹೆಚ್ಚು ಅರ್ಥವಾಗುತ್ತವೆ.

ಕುಣಿತದ ಕ್ಲಾಸಿನಿಂದ ರಂಗಕ್ಕೆ

ಟಾಮ್ ಹುಟ್ಟಿದ್ದು 1996ರ ಜೂನ್ 1ರಂದು, ಲಂಡನ್ ನೈರುತ್ಯಕ್ಕಿರುವ ಕಿಂಗ್‌ಸ್ಟನ್ ಅಪಾನ್ ಥೇಮ್ಸ್‌ನಲ್ಲಿ. ತಾಯಿ ಫೋಟೊಗ್ರಾಫರ್. ತಂದೆ ಡಾಮಿನಿಕ್ ಹಾಲೆಂಡ್ ವೇದಿಕೆಯ ಮೇಲೆ ನಿಂತು ಜನರನ್ನು ನಗಿಸುವ ಸ್ಟ್ಯಾಂಡ್‌ಅಪ್ ಕಲಾವಿದ, ಲೇಖಕ. 1993ರ ಎಡಿನ್‌ಬರ್ಗ್ ಉತ್ಸವದಲ್ಲಿ ಅತ್ಯುತ್ತಮ ಹೊಸ ಹಾಸ್ಯಗಾರನಿಗೆ ಕೊಡುವ ಪೆರಿಯರ್ ಪ್ರಶಸ್ತಿ ಪಡೆದವರು. ಮಗ ತನ್ನನ್ನು ಮೀರಿಸಿ ಬೆಳೆದ ಬಗೆಯನ್ನು ಅವರು ತಮಾಷೆಯಾಗಿ ಒಂದು ಪುಸ್ತಕವನ್ನಾಗಿಯೇ ಬರೆದಿದ್ದಾರೆ. ಟಾಮ್ ಹಿಂದೆ ಮೂವರು ತಮ್ಮಂದಿರು, ಅವರಲ್ಲಿ ಇಬ್ಬರು ಅವಳಿ.

ಏಳನೆಯ ವಯಸ್ಸಿನಲ್ಲಿ ಟಾಮ್‌ಗೆ ಡಿಸ್ಲೆಕ್ಸಿಯಾ ಇದೆ ಎಂದು ತಿಳಿಯಿತು. ಅಕ್ಷರಗಳು ಸುಲಭವಾಗಿ ಒಲಿಯದ ಆ ಹುಡುಗನಿಗೆ ಮೈಯ ಲಯ ಮಾತ್ರ ಬೇಗ ಒಲಿಯಿತು. ವಿಂಬಲ್ಡನ್ನಿನ ಪುಟ್ಟ ನೃತ್ಯಶಾಲೆಯೊಂದರಲ್ಲಿ ಹಿಪ್‌ಹಾಪ್ ಕಲಿಯುತ್ತಿದ್ದವನು 2006ರಲ್ಲಿ ರಿಚ್‌ಮಂಡ್ ನೃತ್ಯೋತ್ಸವದಲ್ಲಿ ಕುಣಿದ. ಅಲ್ಲಿ ಅವನನ್ನು ಗಮನಿಸಿದವರು ನೃತ್ಯ ಸಂಯೋಜಕಿ ಲಿನ್ ಪೇಜ್. ಆಗ ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ಮನೆಮಾತಾಗಿದ್ದ ‘ಬಿಲ್ಲಿ ಎಲಿಯಟ್’ ಸಂಗೀತ ನಾಟಕದ ನೃತ್ಯ ತಂಡದಲ್ಲಿ ಅವರಿದ್ದರು.

ಆ ನಾಟಕ ಹುಡುಗರಿಂದ ಬಯಸುತ್ತಿದ್ದುದು ಏನೆಂದು ತಿಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಅದರ ಕಾಲ 1984-85. ಮಾರ್ಗರೆಟ್ ಥ್ಯಾಚರ್ ಸರ್ಕಾರದ ವಿರುದ್ಧ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದ ವರ್ಷ. ಇಂಗ್ಲೆಂಡಿನ ಈಶಾನ್ಯದ ಗಣಿ ಊರೊಂದರಲ್ಲಿ ಬಾಕ್ಸಿಂಗ್ ಕಲಿಯಲು ಹೋದ ಹುಡುಗ ಬ್ಯಾಲೆ ನೃತ್ಯಕ್ಕೆ ಮನಸೋಲುತ್ತಾನೆ. ಗಂಡುಮಕ್ಕಳಿಗೆ ಇದೆಂಥ ಕುಣಿತ ಎಂದು ಮನೆಯವರೂ ಊರವರೂ ಕೆರಳುತ್ತಾರೆ. ಲೀ ಹಾಲ್ ಬರೆದ ಕಥೆಗೆ ಎಲ್ಟನ್ ಜಾನ್ ಸಂಗೀತ, ಸ್ಟೀಫನ್ ಡಾಲ್ಡ್ರಿ ನಿರ್ದೇಶನ. 2005ರಿಂದ 2016ರವರೆಗೆ ವಿಕ್ಟೋರಿಯಾ ಪ್ಯಾಲೇಸ್ ಥಿಯೇಟರಿನಲ್ಲಿ ನಡೆದ ನಾಟಕ ಅದು.

ಬಿಲ್ಲಿಯ ಪಾತ್ರ ಮಾಡುವವನಿಗೆ ಬ್ಯಾಲೆ ಬರಬೇಕು, ಟ್ಯಾಪ್ ಬರಬೇಕು, ಜಿಮ್ನಾಸ್ಟಿಕ್ಸ್ ಬರಬೇಕು. ಹಾಡಬೇಕು, ಈಶಾನ್ಯ ಇಂಗ್ಲೆಂಡಿನ ಗಡುಸು ಮಾತಿನ ಧಾಟಿ ಹಿಡಿಯಬೇಕು, ಮೂರು ಗಂಟೆಗೆ ಹತ್ತಿರದ ಪ್ರದರ್ಶನದಲ್ಲಿ ಬಹುಪಾಲು ಹೊತ್ತು ರಂಗದ ಮೇಲೆಯೇ ಇರಬೇಕು. ಇಷ್ಟೆಲ್ಲ ಮಾಡಬೇಕಾದವನಿಗೆ ವಯಸ್ಸು ಹನ್ನೆರಡೋ ಹದಿಮೂರೋ. ಧ್ವನಿ ಒಡೆದರೆ, ಎತ್ತರ ಬೆಳೆದರೆ ಪಾತ್ರ ಕೈತಪ್ಪಿತೆಂದೇ ಅರ್ಥ. ಮಕ್ಕಳನ್ನು ರಂಗಕ್ಕೆ ತರಲು ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತದಿಂದ ಪರವಾನಗಿ ಬೇಕು. ದುಡಿಯುವ ಹೊತ್ತಿಗೂ ವಿಶ್ರಾಂತಿಗೂ ಕಾನೂನಿನ ಮಿತಿ ಇದೆ. ಹೀಗಾಗಿ ಒಂದೇ ಪಾತ್ರವನ್ನು ಹಲವು ಹುಡುಗರು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು. ಒಬ್ಬ ರಂಗದ ಮೇಲಿದ್ದರೆ ಮತ್ತೊಬ್ಬ ತಾಲೀಮಿನಲ್ಲಿ, ಇನ್ನೊಬ್ಬ ಮುಂದಿನ ವರ್ಷಕ್ಕೆ ಸಿದ್ಧವಾಗುತ್ತ.

ಟಾಮ್ ಎಂಟು ಆಡಿಷನ್ ದಾಟಿ, ಎರಡು ವರ್ಷ ಕಲಿತು, 2008ರ ಜೂನ್‌ನಲ್ಲಿ ರಂಗ ಹತ್ತಿದ. ಮೊದಲು ಸಿಕ್ಕಿದ್ದು ಬಿಲ್ಲಿಯ ಗೆಳೆಯ ಮೈಕೆಲ್‌ನ ಪಾತ್ರ. ಸೆಪ್ಟೆಂಬರಿನಲ್ಲಿ ಬಿಲ್ಲಿಯೇ ಆದ. ಶಾಲೆಯಲ್ಲಿ ಬ್ಯಾಲೆ ಅಭ್ಯಾಸ ಮಾಡುವ ಹುಡುಗನಿಗೆ ಗೇಲಿ ತಪ್ಪಲಿಲ್ಲ. ನಾಟಕದಲ್ಲಿ ಬಿಲ್ಲಿ ಅನುಭವಿಸುವುದನ್ನು ಇವನೂ ಹಗಲು ಹೊತ್ತು ಅನುಭವಿಸಿ ಸಂಜೆ ರಂಗಕ್ಕೆ ಬರುತ್ತಿದ್ದ. 2010ರ ಮೇ ತಿಂಗಳಲ್ಲಿ ಆ ಪಾತ್ರ ಬಿಟ್ಟಾಗ ವಯಸ್ಸು ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಅಷ್ಟರಲ್ಲೇ ಅವನು ವಾರದಿಂದ ವಾರಕ್ಕೆ ಸಾವಿರಾರು ಜನರ ಎದುರು, ಎರಡನೇ ಟೇಕ್ ಇಲ್ಲದ ಕಡೆ, ಮೈಯಿಂದ ಕಥೆ ಹೇಳಿ ಅಭ್ಯಾಸವಾದವನು.

ನೀರಿನಲ್ಲಿ ಪಾಸಾದ ಪರೀಕ್ಷೆ

ಕ್ಯಾಮೆರಾ ಎದುರಿನ ಮೊದಲ ದೊಡ್ಡ ಕೆಲಸ ಇನ್ನೂ ಕಠಿಣವಾದದ್ದು. 2004ರ ಡಿಸೆಂಬರ್ 26ರ ಸುನಾಮಿಯನ್ನು ಭಾರತ ಮರೆತಿಲ್ಲ. ನಾಗಪಟ್ಟಣ, ಅಂಡಮಾನ್ ಹೆಸರುಗಳ ಜೊತೆ ಆ ದಿನ ಅಂಟಿಕೊಂಡಿದೆ. ಅದೇ ಅಲೆ ಥಾಯ್ಲೆಂಡಿನ ಖಾವೊ ಲಾಕ್ ಕಡಲತೀರಕ್ಕೂ ಅಪ್ಪಳಿಸಿತು. ಕ್ರಿಸ್‌ಮಸ್ ರಜೆಗೆಂದು ಅಲ್ಲಿಗೆ ಬಂದಿದ್ದ ಸ್ಪೇನಿನ ಮರಿಯಾ ಬೆಲೋನ್, ಅವರ ಗಂಡ ಮತ್ತು ಮೂವರು ಗಂಡುಮಕ್ಕಳು ದಿಕ್ಕಾಪಾಲಾಗಿ, ಐವರೂ ಬದುಕುಳಿದು ಮತ್ತೆ ಒಂದಾದರು. ಈ ನಿಜ ಘಟನೆಯನ್ನು ಸ್ಪೇನಿನ ನಿರ್ದೇಶಕ ಹುವಾನ್ ಅಂತೋನಿಯೊ ಬಯೋನಾ ‘ದಿ ಇಂಪಾಸಿಬಲ್’ ಚಿತ್ರವನ್ನಾಗಿ ಮಾಡಿದರು. ಚಿತ್ರದ ಕುಟುಂಬ ಬ್ರಿಟಿಷರದ್ದಾಯಿತು. ತಾಯಿಯಾಗಿ ನಯೋಮಿ ವಾಟ್ಸ್, ತಂದೆಯಾಗಿ ಯೂವನ್ ಮೆಕ್‌ಗ್ರೆಗರ್, ಹಿರಿಯ ಮಗ ಲೂಕಸ್ ಆಗಿ ಟಾಮ್.

ಅಲೆಯ ದೃಶ್ಯಗಳನ್ನು ಬಹುತೇಕ ಕಂಪ್ಯೂಟರಿನಲ್ಲಿ ಮಾಡಿಬಿಡಬಹುದಿತ್ತು. ಬಯೋನಾ ತಂಡ ಸ್ಪೇನಿನ ಅಲಿಕಾಂತೆಯಲ್ಲಿದ್ದ ಬೃಹತ್ ನೀರಿನ ತೊಟ್ಟಿಯಲ್ಲಿ ನಿಜವಾದ ಪ್ರವಾಹವನ್ನೇ ಎಬ್ಬಿಸಿತು. ವಾಟ್ಸ್ ಮತ್ತು ಟಾಮ್ ವಾರಗಟ್ಟಲೆ ಆ ನೀರಿನಲ್ಲಿ ಕಳೆದರು. ಕೆಸರುನೀರು ಬಾಯಿಗೆ ನುಗ್ಗುತ್ತಿರುವಾಗ ಕಿರುಚಬೇಕು, ಕೊಚ್ಚಿಹೋಗುತ್ತಲೇ ತಾಯಿಯ ಕೈಗೆ ಕೈ ಚಾಚಬೇಕು. ಮೈ ಪಳಗದ ಹುಡುಗನಾಗಿದ್ದರೆ ಅಲ್ಲಿ ಬರೀ ಹೆದರಿಕೆಯನ್ನು ತೋರಿಸುತ್ತಿದ್ದ. ಟಾಮ್ ಹೆದರಿಕೆಯ ನಡುವೆಯೂ ಲೂಕಸ್ ಆಗಿ ಉಳಿದ.

ಚಿತ್ರ ನಿಜವಾಗಿ ಇವನ ಕೈಗೆ ಬರುವುದು ನೀರು ಇಳಿದ ಮೇಲೆ. ಗಾಯಗೊಂಡ ತಾಯಿಯನ್ನು ಕಂಡು ಮೊದಲು ಮುಖ ತಿರುಗಿಸುವ ಮಗ, ಆಮೇಲೆ ಅವಳ ಭಾರ ಹೊರುತ್ತಾನೆ. ಆಸ್ಪತ್ರೆಯಲ್ಲಿ ಗುರುತಿಲ್ಲದವರ ಹೆಸರುಗಳನ್ನು ಬರೆದುಕೊಂಡು, ಅವರವರ ಬಂಧುಗಳನ್ನು ಹುಡುಕುತ್ತ ಹಾಸಿಗೆಯಿಂದ ಹಾಸಿಗೆಗೆ ಓಡುತ್ತಾನೆ. ಬಾಲ್ಯದಿಂದ ದೊಡ್ಡತನಕ್ಕೆ ದಾಟುವುದನ್ನು ಮಾತಿಗಿಂತ ಆ ಓಟವೇ ಹೇಳುತ್ತದೆ. 2012ರಲ್ಲಿ ಚಿತ್ರ ತೆರೆಗೆ ಬಂತು. ವಾಟ್ಸ್ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಟಾಮ್‌ಗೆ ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಹೊಸ ಪ್ರತಿಭೆಯ ಗೌರವ ಕೊಟ್ಟಿತು.

ಮುಂದಿನ ವರ್ಷಗಳಲ್ಲಿ ಹುಡುಗ ಹೆಚ್ಚು ಸದ್ದಿಲ್ಲದೆ ದುಡಿದ. ಓದು ಮುಂದುವರಿದದ್ದು ದಕ್ಷಿಣ ಲಂಡನ್ನಿನ ಬ್ರಿಟ್ ಸ್ಕೂಲಿನಲ್ಲಿ; ಏಮಿ ವೈನ್‌ಹೌಸ್, ಅಡೆಲ್ ಕಲಿತ ಕಲಾಶಾಲೆ ಅದು. ನಟನೆಯನ್ನಷ್ಟೇ ನಂಬಿಕೊಂಡು ಕೂರಬಾರದೆಂದು ತಾಯಿ ಅವನನ್ನು ಬಡಗಿ ಕೆಲಸ ಕಲಿಯಲೂ ಕಳಿಸಿದರು. 2015ರ ಬಿಬಿಸಿ ಧಾರಾವಾಹಿ ‘ವುಲ್ಫ್ ಹಾಲ್’ನಲ್ಲಿ ಮಾರ್ಕ್ ರೈಲನ್ಸ್ ಎದುರು ರಾಜಮಂತ್ರಿ ಥಾಮಸ್ ಕ್ರಾಮ್ವೆಲ್‌ನ ಮಗನ ಪಾತ್ರ. ಅದೇ ವರ್ಷ ರಾನ್ ಹೋವರ್ಡ್ ನಿರ್ದೇಶನದ ‘ಇನ್ ದಿ ಹಾರ್ಟ್ ಆಫ್ ದಿ ಸೀ’. 1820ರಲ್ಲಿ ತಿಮಿಂಗಿಲದ ಹೊಡೆತಕ್ಕೆ ಮುಳುಗಿದ ಎಸೆಕ್ಸ್ ಹಡಗಿನ ನಾವಿಕರು ದೋಣಿಗಳಲ್ಲಿ ಹಸಿದು ಅಲೆದ ಕಥೆ. ಹಸಿವನ್ನು ಮೈಮೇಲೆ ಕಾಣಿಸಲು ನಟರೆಲ್ಲ ಅರೆಹೊಟ್ಟೆಯಲ್ಲಿದ್ದು ಸೊರಗಬೇಕಾಯಿತು, ಅವರಲ್ಲಿ ಕಿರಿಯವನು ಇವನು.

ಮುಖವಾಡದ ಒಳಗೆ

ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಆ ವೇಷದೊಳಗಿರುವ ಪೀಟರ್ ಪಾರ್ಕರ್ ಹೈಸ್ಕೂಲು ಹುಡುಗ. ಆದರೆ 2002ರಲ್ಲಿ ಆ ವೇಷ ತೊಟ್ಟ ಟೋಬಿ ಮೆಗ್ವೈರ್‌ಗೂ 2012ರಲ್ಲಿ ತೊಟ್ಟ ಆ್ಯಂಡ್ರೂ ಗಾರ್ಫೀಲ್ಡ್‌ಗೂ ಇಪ್ಪತ್ತೈದು ದಾಟಿತ್ತು. ಪಾತ್ರದ ಸಿನಿಮಾ ಹಕ್ಕು ಸೋನಿಯದ್ದು. 2015ರ ಫೆಬ್ರವರಿಯಲ್ಲಿ ಸೋನಿ ಮತ್ತು ಡಿಸ್ನಿ ಒಡೆತನದ ಮಾರ್ವೆಲ್ ಒಪ್ಪಂದ ಮಾಡಿಕೊಂಡಾಗ, ಈ ಸಲ ನಿಜವಾಗಿಯೂ ಹುಡುಗನಂತೆ ಕಾಣುವವನೇ ಬೇಕೆಂದು ಹೊರಟರು. ಹತ್ತೊಂಬತ್ತರ ಟಾಮ್ ಆಯ್ಕೆಯಾದದ್ದು ಹೀಗೆ.

2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ನಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡ ಹಾಲೆಂಡ್ ಅಷ್ಟರಲ್ಲೇ ಚಿತ್ರದ ಮಾತಾದರು. 2017ರಲ್ಲಿ ಜಾನ್ ವಾಟ್ಸ್ ನಿರ್ದೇಶಿಸಿದ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಬಂತು. ಅದರ ತಯಾರಿಗೆಂದು ನ್ಯೂಯಾರ್ಕಿನ ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆಯಲ್ಲಿ ಬೇರೆ ಹೆಸರು ಹೇಳಿಕೊಂಡು ಕೆಲವು ದಿನ ತರಗತಿಯಲ್ಲಿ ಕೂತರು. ಸ್ಪೈಡರ್‌ಮ್ಯಾನ್ ನಾನೇ ಎಂದು ಗುಟ್ಟು ಬಿಟ್ಟುಕೊಟ್ಟರೂ ಸಹಪಾಠಿಗಳು ನಂಬಲಿಲ್ಲವಂತೆ.

ಈ ಚಿತ್ರಗಳ ಎಲ್ಲ ನೆಗೆತವೂ ನಟನದ್ದೇ ಎಂದುಕೊಳ್ಳಬೇಕಿಲ್ಲ. ಸ್ಟಂಟ್ ಕಲಾವಿದರಿರುತ್ತಾರೆ; ಎಷ್ಟೋ ಕಡೆ ಉಡುಪು, ಕೆಲವೊಮ್ಮೆ ಇಡೀ ಆಕೃತಿ ಕಂಪ್ಯೂಟರಿನಲ್ಲಿ ಮೂಡುತ್ತದೆ. ಮುಖವಾಡದ ಬಿಳಿ ಕಣ್ಣುಗಳು ಕಿರಿದಾಗಿ ಅರಳುವುದೂ ಅನಿಮೇಷನ್ ಕೈಚಳಕ. ಆದರೆ ಆ ಚಿತ್ರಿತ ಆಕೃತಿಗೂ ಒಂದು ನಡೆ ಬೇಕಲ್ಲ? ಗೋಡೆಗೆ ಅಂಟಿ ಕೂತಾಗ ಕತ್ತು ಓರೆಯಾಗುವುದು, ಹೊಡೆತ ತಿಂದ ಮೇಲೆ ಒಂದು ಕ್ಷಣ ತಬ್ಬಿಬ್ಬಾಗಿ ನಿಲ್ಲುವುದು, ದೊಡ್ಡವರ ಎದುರು ಭುಜ ಕುಗ್ಗುವುದು, ಇವು ಹಾಲೆಂಡ್ ಹಾಕಿಕೊಟ್ಟ ಪಡಿಯಚ್ಚು.

ಅದರ ಫಲ ಎರಡು ದೃಶ್ಯಗಳಲ್ಲಿ ಸ್ಪಷ್ಟ. ‘ಹೋಮ್‌ಕಮಿಂಗ್’ನಲ್ಲಿ ಕಟ್ಟಡದ ಅವಶೇಷದಡಿ ಸಿಕ್ಕಿಬಿದ್ದ ಪೀಟರ್ ಸಹಾಯಕ್ಕೆಂದು ಮಗುವಿನಂತೆ ಕೂಗುತ್ತಾನೆ, ಯಾರೂ ಬರುವುದಿಲ್ಲವೆಂದು ಅರಿತು ತಾನೇ ಆ ಭಾರವನ್ನು ಎತ್ತುತ್ತಾನೆ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ನ ಕೊನೆಯಲ್ಲಿ ಅರ್ಧ ವಿಶ್ವವೇ ಬೂದಿಯಾಗುವಾಗ ಮಿಕ್ಕ ವೀರರು ನಿಂತಲ್ಲೇ ಕರಗಿಹೋಗುತ್ತಾರೆ. ಪೀಟರ್ ಮಾತ್ರ ಹೋಗಲು ಒಪ್ಪುವುದಿಲ್ಲ. ತಡವರಿಸುತ್ತ ಬಂದು ತನಗೆ ಗುರುವಿನಂತಿದ್ದ ಟೋನಿ ಸ್ಟಾರ್ಕ್‌ನ ಮೈಮೇಲೆ ಬೀಳುತ್ತಾನೆ. ಅಲ್ಲಿಯ ಮಾತುಗಳಲ್ಲಿ ಕೆಲವು ಹಾಲೆಂಡ್ ಶೂಟಿಂಗ್ ವೇಳೆ ತಾವೇ ಸೇರಿಸಿದವು. ಆ ಬೃಹತ್ ಚಿತ್ರದ ಸಂಕಟವೆಲ್ಲ ಕೊನೆಗೆ ಒಬ್ಬ ಹುಡುಗನ ಕಾಲಿನ ನಡುಕದಲ್ಲಿ ಬಂದು ನಿಂತಿತು.

ಹಣದ ಲೆಕ್ಕವೂ ಅದೇ ವೇಗದಲ್ಲಿ ಬೆಳೆಯಿತು. 2019ರ ‘ಫಾರ್ ಫ್ರಂ ಹೋಮ್’ ಜಗತ್ತಿನಾದ್ಯಂತ 110 ಕೋಟಿ ಡಾಲರ್ ದಾಟಿತು. ಅದರ ಬೆನ್ನಲ್ಲೇ ಸೋನಿ ಮತ್ತು ಡಿಸ್ನಿ ಒಪ್ಪಂದ ಮುರಿದುಬಿತ್ತು. ಆಗ ಹಾಲೆಂಡ್ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್‌ಗೆ ಧನ್ಯವಾದದ ಮಿಂಚಂಚೆ ಕಳಿಸಿದರು. ಐಗರ್ ಫೋನ್ ಮಾಡಿದಾಗ ಇವರು ಮನೆಯವರ ಜೊತೆ ಪಬ್ಬಿನಲ್ಲಿ ಕ್ವಿಜ್ ಆಡುತ್ತಿದ್ದರು. ಬಿಯರ್ ಏರಿತ್ತು, ಮಾತಾಡುತ್ತ ಕಣ್ಣೀರೂ ಬಂತು. ಈ ಪ್ರಸಂಗವನ್ನು ಇಬ್ಬರೂ ಟಿವಿಯಲ್ಲಿ ಹೇಳಿದ್ದಾರೆ. ಒಪ್ಪಂದ ಮತ್ತೆ ಕುದುರಲು ವ್ಯಾಪಾರದ ಕಾರಣಗಳೂ ಇದ್ದವು, ಆದರೆ ಆ ಕರೆಯನ್ನು ತಾವು ಮರೆಯಲಿಲ್ಲ ಎಂದು ಐಗರ್ ಒಪ್ಪಿಕೊಂಡರು. 2021ರ ಡಿಸೆಂಬರಿನಲ್ಲಿ ಬಂದ ‘ನೋ ವೇ ಹೋಮ್’ನಲ್ಲಿ ಮೂವರೂ ಸ್ಪೈಡರ್‌ಮ್ಯಾನ್‌ಗಳು ಒಟ್ಟಿಗೆ ಕಾಣಿಸಿಕೊಂಡರು. ಕೋವಿಡ್ ಇನ್ನೂ ಪೂರ್ತಿ ತೊಲಗಿರದಿದ್ದ ಕಾಲದಲ್ಲಿ ಅದು 190 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸಿತು.

ಮುಖವಾಡದ ಹೊರಗೆ

ಇಷ್ಟು ದೊಡ್ಡ ಗೆಲುವು ನಟನೊಬ್ಬನಿಗೆ ಹೊರೆಯೂ ಹೌದು. ಜನ ಬರುತ್ತಿರುವುದು ನನಗಾಗಿಯೋ ವೇಷಕ್ಕಾಗಿಯೋ? ಇದಕ್ಕೆ ಉತ್ತರ ಹುಡುಕುವಂತೆ ಹಾಲೆಂಡ್ ಕರಾಳ ಕಥೆಗಳ ಕಡೆ ಹೊರಟರು. 2020ರ ‘ದಿ ಡೆವಿಲ್ ಆಲ್ ದಿ ಟೈಮ್’ನಲ್ಲಿ ಹಿಂಸೆ ಮತ್ತು ಕಪಟ ಭಕ್ತಿಯ ನಡುವೆ ಬೆಳೆದ ಅಮೆರಿಕದ ಹಳ್ಳಿ ಹುಡುಗ. 2021ರ ‘ಚೆರಿ’ಯಲ್ಲಿ ಇರಾಕ್ ಯುದ್ಧದಿಂದ ಮರಳಿ ಮಾದಕ ವಸ್ತುವಿಗೆ ಬಿದ್ದು ಬ್ಯಾಂಕ್ ದೋಚುವ ಸೈನಿಕ. 2023ರ ಹತ್ತು ಕಂತುಗಳ ‘ದಿ ಕ್ರೌಡೆಡ್ ರೂಮ್’ನಲ್ಲಿ ಒಡೆದ ಮನಸ್ಸಿನ ಯುವಕ.

ಇವುಗಳಲ್ಲಿ ಮೊದಲನೆಯದು ಗಟ್ಟಿಯಾಗಿ ನಿಂತಿತು. ಅಲ್ಲಿ ಹುಡುಗನ ಮೌನವೂ ಸಿಟ್ಟೂ ಮೈಯಲ್ಲೇ ಅಡಗಿದ್ದವು. ಉಳಿದೆರಡನ್ನು ವಿಮರ್ಶಕರು ಅಷ್ಟಾಗಿ ಒಪ್ಪಲಿಲ್ಲ. ‘ಚೆರಿ’ಗಾಗಿ ಅವರು ತೂಕ ಇಳಿಸಿದರು, ನಡುಗಿದರು, ಬೆವರಿದರು. ನಟನೆಯ ದುಡಿಮೆ ಕಣ್ಣಿಗೆ ರಾಚುವಷ್ಟಿತ್ತು, ಅದೇ ಅದರ ಕೊರತೆಯೂ ಆಯಿತು. ‘ದಿ ಕ್ರೌಡೆಡ್ ರೂಮ್’ನಲ್ಲಿ ವಿಚಾರಣೆಯ ಕೋಣೆಯೊಳಗೆ ಕುರ್ಚಿಯ ಮೇಲೆ ಕೂತು ಮಾತಾಡಬೇಕಾದ ಗಂಟೆಗಳು ಬಹಳ. ಓಡಲು, ಬೀಳಲು, ಹೊರಲು ಏನಾದರೂ ಇದ್ದಾಗ ಹೊಳೆಯುವ ನಟ, ಏನೂ ಮಾಡದೆ ಇರಬೇಕಾದಾಗ ತಡಕಾಡುತ್ತಾನೆ ಎನ್ನುವುದು ಅಲ್ಲಿ ಬಯಲಾಯಿತು. 2022ರಲ್ಲಿ ‘ಅನ್‌ಚಾರ್ಟೆಡ್’ ಎಂಬ ಸಾಹಸ ಚಿತ್ರ ಸುಮಾರು 40 ಕೋಟಿ ಡಾಲರ್ ತಂದಿತು ನಿಜ. ಅದು ಮತ್ತೆ ನೆಗೆತದ ಗೆಲುವೇ.

‘ದಿ ಕ್ರೌಡೆಡ್ ರೂಮ್’ ಅವರನ್ನು ಬಳಲಿಸಿತ್ತು. ಒಂದು ವರ್ಷ ನಟನೆಯಿಂದ ದೂರ ಇದ್ದೇನೆಂದು 2023ರಲ್ಲಿ ಹೇಳಿದರು. ಮನಸ್ಸಿನ ನೆಮ್ಮದಿಗಾಗಿ ಸಾಮಾಜಿಕ ಜಾಲತಾಣಗಳಿಂದಲೂ ಅದಕ್ಕೆ ಮೊದಲೇ ಹಿಂದೆ ಸರಿದಿದ್ದರು. ಕುಡಿತದ ವಿಷಯದಲ್ಲೂ ಮುಚ್ಚುಮರೆ ಮಾಡಲಿಲ್ಲ. 2022ರ ಜನವರಿಯಲ್ಲಿ ಒಂದು ತಿಂಗಳು ಬಿಟ್ಟು ನೋಡೋಣವೆಂದು ಶುರು ಮಾಡಿದಾಗ, ದಿನವಿಡೀ ಅದೇ ಯೋಚನೆ ಬರುತ್ತಿರುವುದು ಕಂಡು ಅವರಿಗೇ ಗಾಬರಿಯಾಯಿತು. ತಿಂಗಳನ್ನು ಬೆಳೆಸುತ್ತ ಬೆಳೆಸುತ್ತ ಕುಡಿತವನ್ನೇ ಬಿಟ್ಟರು. 2024ರಲ್ಲಿ ಮದ್ಯಸಾರವಿಲ್ಲದ ಬಿಯರಿನ ಉದ್ಯಮವನ್ನೂ ಆರಂಭಿಸಿದರು. ಮದ್ಯ ಬಿಟ್ಟ ಕಥೆಯೂ ಮಾರುಕಟ್ಟೆಗೆ ಬಂದಿತಲ್ಲ ಎಂದು ಕೊಂಕು ಆಡಬಹುದು. ಆದರೆ ಪಬ್ಬೇ ಊರಿನ ಜಗಲಿಯಾಗಿರುವ ದೇಶದಲ್ಲಿ ಯುವ ತಾರೆಯೊಬ್ಬ ನನಗೆ ಇದು ಅತಿಯಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಸಣ್ಣ ಮಾತಲ್ಲ.

ಮತ್ತೆ ವೆಸ್ಟ್ ಎಂಡ್

ಬಿಡುವಿನ ನಂತರ ಹಾಲೆಂಡ್ ಆರಿಸಿಕೊಂಡ ಕೆಲಸ ಕುತೂಹಲದ್ದು. 2024ರ ಮೇ ತಿಂಗಳಿಂದ ಆಗಸ್ಟ್ ಆರಂಭದವರೆಗೆ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ‘ರೋಮಿಯೊ ಆ್ಯಂಡ್ ಜೂಲಿಯೆಟ್’. ನಿರ್ದೇಶಕ ಜೇಮಿ ಲಾಯ್ಡ್. ಟಿಕೆಟ್‌ಗಳು ನೋಡನೋಡುತ್ತ ಖಾಲಿಯಾದವು.

ಲಾಯ್ಡ್ ಅವರ ರಂಗದ ಮೇಲೆ ಅರಮನೆಯಿಲ್ಲ, ಉಪ್ಪರಿಗೆಯಿಲ್ಲ, ಕತ್ತಿವರಸೆಯೂ ಇಲ್ಲ. ಕಪ್ಪು ಹಿನ್ನೆಲೆ, ಇಂದಿನ ಬಟ್ಟೆ, ಮೈಕಿನ ಮುಂದೆ ಪಿಸುಮಾತು, ಮುಖವನ್ನು ಬಿಡದೆ ಹಿಡಿಯುವ ನೇರ ಕ್ಯಾಮೆರಾ, ಹಿಂದೆ ದೊಡ್ಡ ಪರದೆ. ಗಡೀಪಾರಾದ ರೋಮಿಯೊ ಒಂದು ದೃಶ್ಯದಲ್ಲಿ ರಂಗಮಂದಿರದ ತಾರಸಿಯ ಮೇಲಿರುತ್ತಾನೆ, ಪ್ರೇಕ್ಷಕರು ಅವನನ್ನು ಪರದೆಯಲ್ಲಿ ನೋಡುತ್ತಾರೆ. ಅಂದರೆ ಹಾರುವುದಕ್ಕೆ ಹೆಸರಾದ ನಟನಿಂದ ಲಾಯ್ಡ್ ಹಾರಾಟವನ್ನೇ ಕಿತ್ತುಕೊಂಡರು. ಬಿಲ್ಲಿಯಾಗಿ ಅವನು ಕಲಿತ ಯಾವ ಪಟ್ಟೂ ಇಲ್ಲಿ ಉಪಯೋಗಕ್ಕಿಲ್ಲ. ಉಳಿದದ್ದು ಕಣ್ಣು, ಉಸಿರು, ಮಾತು. ‘ಚೆರಿ’ಯಲ್ಲಿ ಹೊರಗೆ ಚೆಲ್ಲಿದ್ದನ್ನು ಇಲ್ಲಿ ಒಳಗೇ ಇಟ್ಟುಕೊಳ್ಳಬೇಕಿತ್ತು. ಆ ಸಂಯಮವನ್ನು ಹಲವು ವಿಮರ್ಶಕರು ಮೆಚ್ಚಿದರು.

ಅದೇ ನಾಟಕದ ಇನ್ನೊಂದು ಮುಖವನ್ನೂ ಹೇಳಬೇಕು. ಜೂಲಿಯೆಟ್ ಪಾತ್ರಕ್ಕೆ ಕಪ್ಪು ವರ್ಣದ ಯುವನಟಿ ಫ್ರಾನ್ಸೆಸ್ಕಾ ಅಮೆವುಡಾ-ರಿವರ್ಸ್ ಆಯ್ಕೆಯಾದಾಗ ಜಾಲತಾಣಗಳಲ್ಲಿ ಅವರ ಮೇಲೆ ಜನಾಂಗೀಯ ನಿಂದನೆ ಸುರಿಯಿತು. ನಾಟಕ ಕಂಪನಿ ಬಹಿರಂಗವಾಗಿ ಅದನ್ನು ಖಂಡಿಸಿ ನಟಿಯ ಬೆನ್ನಿಗೆ ನಿಂತಿತು. ಬ್ರಿಟನ್ನಿನ ನೂರಾರು ಕಪ್ಪು ವರ್ಣದ ಕಲಾವಿದೆಯರು ಸಹಿ ಹಾಕಿದ ಬೆಂಬಲದ ಪತ್ರವೂ ಹೊರಬಂತು. ತಾರೆಯ ಹೆಸರು ಜನಜಂಗುಳಿಯನ್ನು ಎಳೆದು ತರುತ್ತದೆ, ಅದರೊಡನೆ ಬರುವ ವಿಷ ಪಕ್ಕದಲ್ಲಿ ನಿಂತವರ ಮೇಲೆ ಬೀಳುತ್ತದೆ. ಖ್ಯಾತಿಯ ಬೆಲೆಯನ್ನು ಯಾವಾಗಲೂ ಖ್ಯಾತಿವಂತನೇ ತೆರುವುದಿಲ್ಲ.

ಕಾಯುವ ಮಗ, ಜಿಗಿಯುವ ಹುಡುಗ

ಮೈಯನ್ನೇ ಬಂಡವಾಳ ಮಾಡಿಕೊಂಡವರಿಗೆ ಅದರ ಮಿತಿಯೂ ಬೇಗ ತಿಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಾಲ್ಕನೆಯ ಸ್ಪೈಡರ್‌ಮ್ಯಾನ್ ಚಿತ್ರ ‘ಬ್ರ್ಯಾಂಡ್ ನ್ಯೂ ಡೇ’ಯ ಶೂಟಿಂಗ್ ವೇಳೆ ಹಾಲೆಂಡ್ ತಲೆಗೆ ಪೆಟ್ಟು ಬಿತ್ತು, ಕೆಲ ದಿನ ಕೆಲಸ ನಿಂತಿತು. ಗಾಯ ದೊಡ್ಡದಲ್ಲ. ಆದರೆ ಹನ್ನೆರಡಕ್ಕೆ ರಂಗದ ಮೇಲೆ ಉರುಳುತ್ತಿದ್ದ ಹುಡುಗನಿಗೆ ಆಗಲೇ ಮೂವತ್ತರ ಹೊಸ್ತಿಲು. ಇದೇ ಸರಣಿಯಲ್ಲಿ ಜೊತೆಯಾಗಿ ನಟಿಸಿದ ಜೆಂಡಾಯ ಜೊತೆ ನಿಶ್ಚಿತಾರ್ಥವೂ ಅಷ್ಟರಲ್ಲಾಗಲೇ ಆಗಿತ್ತು. ಹುಡುಗುತನವನ್ನು ಎಷ್ಟು ಕಾಲ ನಟಿಸಬಹುದು ಎಂಬ ಪ್ರಶ್ನೆ ಇನ್ನು ದೂರದ್ದಲ್ಲ.

ಉತ್ತರದ ಸುಳಿವು 2026ರ ಜುಲೈಗೆ ನಿಗದಿಯಾದ ಎರಡು ಚಿತ್ರಗಳಲ್ಲಿದೆ. 17ಕ್ಕೆ ಕ್ರಿಸ್ಟೋಫರ್ ನೋಲನ್ ಅವರ ‘ದಿ ಒಡಿಸ್ಸಿ’, 31ಕ್ಕೆ ‘ಬ್ರ್ಯಾಂಡ್ ನ್ಯೂ ಡೇ’. ಹೋಮರನ ಕಾವ್ಯದಲ್ಲಿ ಹಾಲೆಂಡ್‌ಗೆ ಸಿಕ್ಕ ಪಾತ್ರ ಟೆಲಿಮಾಕಸ್. ಯುದ್ಧಕ್ಕೆ ಹೋದ ತಂದೆ ಇಪ್ಪತ್ತು ವರ್ಷವಾದರೂ ಮರಳಿಲ್ಲ, ತಾಯಿಯನ್ನು ವರಿಸಲು ಬಂದವರು ಮನೆಯಲ್ಲೇ ಬೀಡುಬಿಟ್ಟು ಆಸ್ತಿ ಕರಗಿಸುತ್ತಿದ್ದಾರೆ, ಮಗ ಅವಮಾನ ನುಂಗಿಕೊಂಡು ಕಾಯುತ್ತಿದ್ದಾನೆ. ಸಾಹಸವೆಲ್ಲ ತಂದೆಯದು, ಕಾಯುವ ಕಷ್ಟ ಮಗನದು.

ಎರಡು ವಾರಗಳ ಅಂತರದಲ್ಲಿ ಒಂದೇ ನಟನ ಎರಡು ಬಗೆಯ ಪರೀಕ್ಷೆ. ಜಿಗಿತದಲ್ಲಿ ಅವರು ಗೆಲ್ಲುತ್ತಾರೆಂಬುದರಲ್ಲಿ ಗಲ್ಲಾಪೆಟ್ಟಿಗೆಗೆ ಅನುಮಾನವಿಲ್ಲ. ಆದರೆ ಮುಂದಿನ ಇಪ್ಪತ್ತು ವರ್ಷ ಟಾಮ್ ಹಾಲೆಂಡ್ ಯಾವ ಪಾತ್ರಗಳಿಗೆ ಕರೆಯಿಸಿಕೊಳ್ಳುತ್ತಾರೆ ಎನ್ನುವುದು, ಟೆಲಿಮಾಕಸ್ ಸುಮ್ಮನೆ ನಿಂತಿರುವ ದೃಶ್ಯಗಳನ್ನು ಅವರು ಹೇಗೆ ಮಾಡಿದ್ದಾರೆ ಎಂಬುದರ ಮೇಲೆ ಹೆಚ್ಚು ನಿಂತಿದೆ.